ನೋಡಿದ್ದೇನೆ ಎಂದು ಸಹಿ ಹಾಕುತ್ತಿದ್ದವರು

ಅವರ ಸಾವಿನ ಸುದ್ದಿಯನ್ನು ಅವರ ಮಗ ನನಗೆ ತಿಳಿಸಿದ್ದು ಮಲಯಾಳದಲ್ಲಿ. “ಚೇಚಿ, ಅಮ್ಮ ಪೋಯಿ” ಎಂದ, ಅಕ್ಕಾ, ಅಮ್ಮ ಹೋದಳು ಎಂದು. ಬೆಂಗಳೂರಿನ ಆಸ್ಪತ್ರೆಯಲ್ಲಿ ನಿಂತು, ಧಾರವಾಡದ ತಾಯಿಯ ಮಗ ಕಾಸರಗೋಡಿನ ಕನ್ನಡದವಳೊಂದಿಗೆ ಮಲಯಾಳದಲ್ಲಿ ಮಾತಾಡುತ್ತಿದ್ದಾನೆಂದು ಗೊತ್ತಾಗಿದ್ದರೆ ಅವರು ಎದ್ದು ಕೂತು ಬೈಯುತ್ತಿದ್ದರು. ತಿರುವನಂತಪುರದಲ್ಲಿ ಹುಟ್ಟಿದ ಹುಡುಗ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಟ್ಟು ದೊಡ್ಡವನಾದವನು. ನಾನೂ ಮಲಯಾಳದಲ್ಲೇ ಯಾವಾಗ ಎಂದು ಕೇಳಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರ ಬಗ್ಗೆಯಾದರೂ ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಬೇಕು ಎಂದು ನನಗೆ ಕಲಿಸಿದವರು ಅವರೇ. ಕೇಳೋಣವೆಂದರೆ ಈಗ ಅವರಿಲ್ಲ. ಮೇಡಂ ಎಂದಷ್ಟೇ ಇರಲಿ, ನಾನು ಕರೆಯುತ್ತಿದ್ದುದೂ ಹಾಗೆಯೇ.

ತಿರುವನಂತಪುರದ ಒಂದು ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಮೇಡಂ ಕೆಲಸ ಮಾಡುತ್ತಿದ್ದರು. ಪತಿ ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರ್, ವರ್ಗವಾಗಿ ಬಂದು ಇಪ್ಪತ್ತು ವರ್ಷ ಅಲ್ಲೇ ಬೇರುಬಿಟ್ಟವರು. ನಾನು ಪಿಎಚ್‌ಡಿಗೆಂದು ಅಲ್ಲಿಗೆ ಸೇರಿದ್ದು ಎರಡು ಸಾವಿರದ ಆರರಲ್ಲಿ. ಸೇರಿದ ವಾರವೇ ಗ್ರಂಥಾಲಯದ ವರಾಂಡದಲ್ಲಿ ನಿಂತು ಊರಿಗೆ ಫೋನ್ ಮಾಡಿ “ಊಟಕ್ಕೆಂತ ತೊಂದರೆ ಇಲ್ಲಮ್ಮ, ಮೀನು ಬೇಕಾದಷ್ಟು ಉಂಟು” ಎನ್ನುತ್ತಿದ್ದೆ. ಒಳಗಿಂದ ಒಬ್ಬ ದಪ್ಪ ಕನ್ನಡಕದ ಹೆಂಗಸು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಓಡಿಬಂದರು. ಗಲಾಟೆ ಮಾಡಬೇಡ ಎನ್ನಲು ಬಂದಿದ್ದಾರೆಂದು ಫೋನ್ ಇಟ್ಟುಬಿಟ್ಟೆ.

“ಯಾಕ ಇಟ್ಟಿ ತಂಗಿ? ಮಾತಾಡು, ಮಾತಾಡು. ನಾ ಬರೇ ಕೇಳ್ತೇನಿ” ಎಂದರು.

ಅಂದಿನಿಂದ ಮಧ್ಯಾಹ್ನದ ಊಟ ಅವರ ಜೊತೆಗೆ. ಅವರ ಊರಿನಿಂದ ಯಾರಾದರೂ ಬಂದಾಗ ತರಿಸಿಕೊಂಡ ಜೋಳದ ಹಿಟ್ಟಿನ ರೊಟ್ಟಿ, ಶೇಂಗಾ ಚಟ್ನಿ. ನನ್ನ ಹಾಸ್ಟೆಲ್ಲಿನ ಕುಚ್ಚಲಕ್ಕಿ ಅನ್ನದ ಡಬ್ಬಿಯನ್ನು ನೋಡಿ “ಇದೇನ ಗುಂಡ ಹಾರಸೂದೇನು?” ಎಂದು ತಮಾಷೆ ಮಾಡುತ್ತಿದ್ದರು. ನನ್ನ ‘ಎಂತ’, ‘ಉಂಟು’ಗಳು ಅವರಿಗೆ ನಗು ತರಿಸುತ್ತಿದ್ದವು, ಅವರ ಮಾತಿನ ಅರ್ಧ ನನಗೆ ಮೊದಮೊದಲು ಅರ್ಥವೇ ಆಗುತ್ತಿರಲಿಲ್ಲ. ಆದರೂ ಇಡೀ ಕಟ್ಟಡದಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನನ್ನನ್ನು ಕಂಡರೆ ಅವರ ಮುಖ ಅರಳುತ್ತಿತ್ತು. ಈ ಸಲಿಗೆಯೇ ಮುಂದೆ ಎಡವಟ್ಟಿಗೆ ಕಾರಣವಾಯಿತು ಎನ್ನುವುದನ್ನು ನಾನು ತಡವಾಗಿ ತಿಳಿದೆ.

ಮೇಡಂ ನೋಡಿಕೊಳ್ಳುತ್ತಿದ್ದುದು ಸಂಶೋಧಕರ ಉಲ್ಲೇಖಗಳನ್ನು. ಯಾವ ಪುಸ್ತಕದ ಎಷ್ಟನೆಯ ಪುಟದಲ್ಲಿ ಏನಿದೆ ಎಂದು ನಾವು ಅಡಿಟಿಪ್ಪಣಿಯಲ್ಲಿ ಬರೆದಿರುತ್ತೇವಲ್ಲ, ಅದು ನಿಜಕ್ಕೂ ಅಲ್ಲಿದೆಯೇ ಎಂದು ಅವರು ತೆಗೆದು ನೋಡುತ್ತಿದ್ದರು. ಯಾರೂ ಅವರಿಗೆ ಇಷ್ಟು ಮಾಡಲು ಹೇಳಿರಲಿಲ್ಲ. ಆಗಷ್ಟೇ ಬ್ಲಾಗುಗಳ ಸುಗ್ಗಿ ಶುರುವಾಗಿತ್ತು. ಮಲಯಾಳದಲ್ಲಂತೂ ದಿನಕ್ಕೊಂದು ಹೊಸ ಬ್ಲಾಗು, ಚರ್ಚೆಯ ತಾಣಗಳು, ಒಬ್ಬರ ಗೋಡೆಯ ಮೇಲೆ ಇನ್ನೊಬ್ಬರು ಬರೆದುಹೋಗುವ ಸ್ನೇಹಕೂಟಗಳು. ನಮ್ಮಂಥವರು ಅಲ್ಲಿಂದ ಎರಡೆರಡು ಸಾಲು ಎತ್ತಿ ಪ್ರಬಂಧಕ್ಕೆ ಅಂಟಿಸತೊಡಗಿದ್ದೆವು. ಒಮ್ಮೆ ಒಬ್ಬನ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅವನು ಕೊಟ್ಟಿದ್ದ ಕೊಂಡಿಯನ್ನು ಒತ್ತಿದರೆ, ಮೀನುಗಾರರ ಬವಣೆಯ ಬದಲು ಯಾವುದೋ ಜ್ಯೋತಿಷಿಯ ಜಾಹೀರಾತು ತೆರೆದುಕೊಂಡಿತಂತೆ. ಆ ಹುಡುಗ ಬೆವತು ನೀರಾದದ್ದನ್ನು ಮೇಡಂ ಕಣ್ಣಾರೆ ಕಂಡಿದ್ದರು.

ಅಂದಿನಿಂದ ಅವರದೊಂದು ಪದ್ಧತಿ. ಅಂತರ್ಜಾಲದ ಬರಹವನ್ನು ಬಳಸಬೇಕೆಂದರೆ ಅದನ್ನು ಅಚ್ಚು ಹಾಕಿ ತರಬೇಕು. ಬರೆದ ದಿನ, ಗಂಟೆ, ನಿಮಿಷ ಅಡಿಟಿಪ್ಪಣಿಯಲ್ಲಿ ಇರಬೇಕು. ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಬೆರಳನ್ನು ಪರದೆಯ ಮೇಲೆ ಸಾಲು ಸಾಲಿಗೂ ಓಡಿಸುತ್ತ, ಕೆಳಗೆ ಜನ ಬರೆದ ಪ್ರತಿಕ್ರಿಯೆಗಳವರೆಗೂ ಓದಿ, ಕಾಗದದ ಮೂಲೆಯಲ್ಲಿ ‘ನೋಡಿದ್ದೇನೆ’ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕುತ್ತಿದ್ದರು. ಕನ್ನಡದಲ್ಲಿ ಏಕೆ ಎಂದು ಕೇಳಿದ್ದಕ್ಕೆ, “ನೋಡಿದಾಕಿ ನಾನಲ್ಲಾ? ನನ್ನ ಭಾಷಾದಾಗ ಬರೀತೇನಿ” ಎಂದಿದ್ದರು. ಆ ಹಾಳೆ ಕಬ್ಬಿಣದ ಕಪಾಟಿಗೆ ಸೇರುತ್ತಿತ್ತು. ಇದರ ಪ್ರತಿ ನಮ್ಮ ಗ್ರಂಥಾಲಯದಲ್ಲಿದೆ ಎಂದು ನಾವು ಟಿಪ್ಪಣಿಯಲ್ಲಿ ಸೇರಿಸುತ್ತಿದ್ದೆವು. ಒಂದೇ ಒಂದು ಹಾಳೆಯನ್ನೂ ಅವರು ಎಸೆದವರಲ್ಲ.

ಇದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇರುತ್ತಿತ್ತು. ಬರೆದವರನ್ನು ಕೇಳಿದ್ದೀರಾ? ಕೇಳಿದ್ದರೆ ಅವರ ಉತ್ತರದ ಮೇಲ್ ಎಲ್ಲಿ, ಅದರದ್ದೂ ಒಂದು ಪ್ರಿಂಟು ಕೊಡಿ. ಇದಕ್ಕೆ ಎಲ್ಲರೂ ಮೂಗು ಮುರಿಯುತ್ತಿದ್ದರು. ಜಗತ್ತೇ ನೋಡಲೆಂದು ಹಾಕಿದ ಬರಹಕ್ಕೆ ಅನುಮತಿ ಎಂತದ್ದು ಎಂದು ನಾನೂ ಒಮ್ಮೆ ವಾದಿಸಿದ್ದೆ.

“ತಂಗಿ, ಮನಿ ಮುಂದ ಹೊರಸಿನ ಮ್ಯಾಲ ಕೂತು ನಾಕ ಮಂದಿ ಹೆಣ್ಣಮಕ್ಕಳು ಮಾತಾಡ್ಲಿಕ್ಹತ್ತಿರ್ತಾರ. ಹಾದಿ ಮ್ಯಾಲ ಹೋಗವರಿಗೆಲ್ಲಾ ಕೇಳಸ್ತದ. ಹಂಗಂತ ಅದನ್ನ ಕೋರ್ಟಿನಾಗ ಹೋಗಿ ಹೇಳೂದೇನು?” ಎಂದರು.

ಒಬ್ಬ ಹಿರಿಯ ಪ್ರಾಧ್ಯಾಪಕರ ಕಥೆಯನ್ನು ಅವರು ನಕ್ಕು ನಕ್ಕು ಹೇಳುತ್ತಿದ್ದರು. ಆತ ತನ್ನ ಲೇಖನದಲ್ಲಿ ಯಾವುದೋ ಅನಾಮಿಕ ಬ್ಲಾಗಿನ ಮಾತನ್ನು ಮೂರು ಕಡೆ ಹೊಗಳಿ ಎತ್ತಿಕೊಂಡಿದ್ದರಂತೆ. ಬರೆದವರ ಉತ್ತರ ಬೇಕು ಎಂದು ಮೇಡಂ ಪಟ್ಟುಹಿಡಿದರು. ಪ್ರಾಧ್ಯಾಪಕರು ಎರಡು ದಿನ ಸತಾಯಿಸಿ, ಕೊನೆಗೆ ಬಾಗಿಲು ಹಾಕಿಕೊಂಡು, ಬರೆದದ್ದು ತಾನೇ ಎಂದು ಒಪ್ಪಿಕೊಂಡರಂತೆ. “ನಾ ಅಂದೆ, ಸರ್, ಹಂಗಾರ ನಿಮ್ಮ ಪರವಾನಿಗಿ ನೀವ ಬರಕೊಡ್ರಿ. ಪಾಪ, ಬರದಕೊಟ್ರು!” ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಹಾಗೆ ನಗುತ್ತಿದ್ದುದನ್ನು ನೆನೆದರೆ ಈಗ ಸಂಕಟವಾಗುತ್ತದೆ.

ನನ್ನ ವಿಷಯ ಕೊಚ್ಚಿ ಬಂದರಿನ ಗುತ್ತಿಗೆ ಕೂಲಿಗಳ ಆರೋಗ್ಯ. ಸಮೀಕ್ಷೆಯ ಹಾಳೆ ಹಿಡಿದು ಬಂದರಿರುವ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಓಡಾಡಿದ್ದೇ ಬಂತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೀಗಿರುವಾಗ ಒಂದು ಮಲಯಾಳ ಬ್ಲಾಗು ಕಣ್ಣಿಗೆ ಬಿತ್ತು. ಬರೆಯುತ್ತಿದ್ದವರು ತಮ್ಮನ್ನು ‘ತೋಣಿಕ್ಕಾರನ್’, ಅಂದರೆ ದೋಣಿಯವನು, ಎಂದು ಕರೆದುಕೊಂಡಿದ್ದರು. ಐಲ್ಯಾಂಡಿನಲ್ಲಿ ಸರಕು ಇಳಿಸುವ ಯಾವುದೋ ಸಣ್ಣ ಕಂಪನಿಯ ಗುಮಾಸ್ತ ಎಂದು ಬರಹದಿಂದ ತಿಳಿಯುತ್ತಿತ್ತು. ಓದುವವರು ಇಪ್ಪತ್ತು ಮೂವತ್ತು ಜನ ಇದ್ದಿರಬಹುದು, ಅಷ್ಟೆ.

ಒಂದು ಬರಹದಲ್ಲಿ ಅವರು ಹೀಗೆ ಹೇಳಿದ್ದರು. ಚೀಲದಿಂದ ಚೆಲ್ಲಿದ ರಾಸಾಯನಿಕ ಪುಡಿಯನ್ನು ಕೂಲಿಗಳು ಬರಿಗೈಯಲ್ಲಿ ತುಂಬುತ್ತಾರೆ. ಕೈಗವಸು ಕೊಟ್ಟಿದ್ದೇವೆ ಎಂದು ನಾನೇ ಬರೆದು ಅವರ ಸಹಿ ಪಡೆಯುತ್ತೇನೆ. ಸಹಿ ಮಾಡಿ ಕೈ ತೆಗೆಯುವಾಗ ಅವರ ಬೆರಳಿನ ಸಿಪ್ಪೆ ನನ್ನ ಕಾಗದಕ್ಕೆ ಅಂಟಿಕೊಳ್ಳುತ್ತದೆ.

ಇದನ್ನು ಓದಿ ನಾನು ಅತ್ತೆ. ಅತ್ತು ಮುಗಿದ ಮೇಲೆ, ನನ್ನ ಪ್ರಬಂಧಕ್ಕೆ ಇದು ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಎರಡೂ ನಿಜ.

ಎರ್ನಾಕುಲಂನಲ್ಲಿ ಒಂದು ವಿಚಾರ ಸಂಕಿರಣವಿತ್ತು. ನನ್ನ ಮೊದಲ ಪ್ರಬಂಧ. ಗೈಡ್ ಆಗಿದ್ದವರು ಬ್ಲಾಗಿನ ಸಾಲು ನೋಡಿ ಹುಬ್ಬು ಗಂಟು ಹಾಕಿ, “ಲೈಬ್ರರಿ ಮೇಡಂ ಸಹಿ ಇದ್ದರೆ ಇರಲಿ, ಇಲ್ಲದಿದ್ದರೆ ಹೊಡೆದುಹಾಕು” ಎಂದರು. ತೋಣಿಕ್ಕಾರನಿಗೆ ಮೇಲ್ ಬರೆಯಲು ಕೂತೆ. ಬೇಡ ಎಂದುಬಿಟ್ಟರೆ? ಆ ಸಾಲು ಹೋದರೆ ಪ್ರಬಂಧದಲ್ಲಿ ಉಳಿಯುವುದು ಬರೀ ಕೋಷ್ಟಕಗಳು. ಬರೆದ ಮೇಲನ್ನು ಕಳಿಸದೆ ಅಳಿಸಿದೆ.

ಮೇಡಂ ಪುಟವನ್ನು ಪೂರ್ತಿ ಓದಿದರು. ಮಲಯಾಳ ಓದಲು ಅವರಿಗೆ ನಿಧಾನ, ಅರ್ಧ ಗಂಟೆ ಹಿಡಿಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೇಳೀಯೇನು ಅವರನ್ನ?”

“ಕೇಳಿದ್ದೇನೆ ಮೇಡಂ. ಆಗಬಹುದು ಅಂದಿದ್ದಾರೆ.”

ಅವರು ನನ್ನನ್ನೇ ನೋಡಿದರು. ಪ್ರಿಂಟು ಕೇಳಿದರೆ ಹಾಸ್ಟೆಲ್ಲಿನಲ್ಲಿ ಬಿಟ್ಟುಬಂದೆ ಎನ್ನಲು ತಯಾರಾಗಿದ್ದೆ. ಅವರು ಕೇಳಲಿಲ್ಲ. ‘ನೋಡಿದ್ದೇನೆ’ ಎಂದು ಬರೆದು ಸಹಿ ಹಾಕಿದರು. ರೊಟ್ಟಿ ತಿನ್ನಲು ಹೋದೆವು.

ಸಂಕಿರಣದಲ್ಲಿ ನನ್ನ ಪ್ರಬಂಧದ ಪ್ರತಿ ಎಲ್ಲರ ಕೈಗೂ ಹೋಯಿತು. ಚಪ್ಪಾಳೆಯೂ ಬಿತ್ತು. ಬಂದರಿನ ವ್ಯವಹಾರದ ಕೆಲವರನ್ನೂ ಕರೆದಿದ್ದರು ಎಂಬುದನ್ನು ನಾನು ಗಮನಿಸಿರಲಿಲ್ಲ. ತೋಣಿಕ್ಕಾರನ್ ಇದ್ದ ಕಂಪನಿಯ ಮ್ಯಾನೇಜರ್ ಒಬ್ಬರು ಹಿಂದಿನ ಸಾಲಿನಲ್ಲಿ ಕೂತು ಅಡಿಟಿಪ್ಪಣಿಯನ್ನು ಓದಿದ್ದರು. ಬುಧವಾರ, ತಾರೀಕು ಇಂಥದ್ದು, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಅವರ ಕಚೇರಿಯಲ್ಲಿ ಅಂತರ್ಜಾಲವಿದ್ದ ಕಂಪ್ಯೂಟರ್ ಒಂದೇ. ಆ ಬುಧವಾರ ಬೆಳಿಗ್ಗೆ ಹಡಗು ಬಂದು ಉಳಿದವರೆಲ್ಲ ಸರಕು ಇಳಿಸಲು ಧಕ್ಕೆಗೆ ಹೋಗಿದ್ದರು. ಕಚೇರಿಯಲ್ಲಿ ಉಳಿದಿದ್ದವರು ಒಬ್ಬರೇ. ಹೆಸರಿಲ್ಲದ ಮನುಷ್ಯನನ್ನು ನನ್ನ ಅಚ್ಚುಕಟ್ಟಾದ ಟಿಪ್ಪಣಿ ಬೆರಳು ಮಾಡಿ ತೋರಿಸಿತ್ತು.

ಇದೆಲ್ಲ ನಮಗೆ ತಿಳಿದದ್ದು ಎರಡು ವಾರದ ಮೇಲೆ, ಗ್ರಂಥಾಲಯದ ವಿಳಾಸಕ್ಕೆ ಬಂದ ಒಂದು ಇ-ಮೇಲ್‌ನಿಂದ. ತನ್ನನ್ನು ಹೇಗೆ ಹಿಡಿದರು, ಕೆಲಸ ಹೇಗೆ ಹೋಯಿತು ಎಂದು ತೋಣಿಕ್ಕಾರನ್ ನಾಲ್ಕು ಸಾಲಿನಲ್ಲಿ ಹೇಳಿದ್ದರು. ಬೈದಿರಲಿಲ್ಲ. ‘ಬ್ಲಾಗನ್ನು ನಾನು ಅಳಿಸಿದ್ದೇನೆ. ಒಂದು ಪ್ರತಿ ನಿಮ್ಮಲ್ಲಿದೆ ಎಂದು ಆ ಟಿಪ್ಪಣಿಯಲ್ಲಿ ಓದಿದೆ. ದಯವಿಟ್ಟು ಅದನ್ನೂ ಹರಿದುಹಾಕಿ’ ಎಂದು ಮುಗಿಸಿ, ಕೆಳಗೆ ನಿಜ ಹೆಸರು ಮತ್ತು ಎರ್ನಾಕುಲಂ ಕಲೂರಿನ ವಿಳಾಸ ಬರೆದಿದ್ದರು.

ಮೇಡಂ ಆ ಮೇಲನ್ನು ನನಗೆ ತೋರಿಸಿದರು. ಓದಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದರು. ನೀನು ಕೇಳಿದ್ದೆಯಲ್ಲ, ಆಗಬಹುದು ಎಂದಿದ್ದರಲ್ಲ ಎಂದು ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಕಪಾಟು ತೆಗೆದು ಆ ಹಾಳೆಯನ್ನು ಹುಡುಕಿ ಲಕೋಟೆಯೊಳಗೆ ಹಾಕಿದರು.

“ನಾಳೆ ರಜಾ ಹಾಕೇನಿ. ಎರ್ನಾಕುಲಂಗ ಹೋಗಿ ಅವರ ಕೈಯಾಗ ಕೊಟ್ಟು ಬರ್ತೇನಿ. ಬರ್ತೀಯೇನು?”

“ನನಗೆ ನಾಳೆ ಗೈಡ್ ಹತ್ತಿರ ಮೀಟಿಂಗ್ ಉಂಟು ಮೇಡಂ.”

ಮೀಟಿಂಗ್ ಇರಲಿಲ್ಲ.

ಅವರು ಬೆಳಗಿನ ರೈಲಿಗೆ ಒಬ್ಬರೇ ಹೋಗಿ ಮರುದಿನ ಎಂದಿನಂತೆ ಕೆಲಸಕ್ಕೆ ಬಂದರು. ಏನಾಯಿತೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ತೋಣಿಕ್ಕಾರನ್ ಮನೆಯಲ್ಲೇ ಇದ್ದರು. ಐವತ್ತು ದಾಟಿದ ಮನುಷ್ಯ. ಹೆಂಡತಿ ಚಹಾ ಕೊಟ್ಟರು. ಸಹಿ ಹಾಕಿದವಳು ನಾನು, ತಪ್ಪಾಯಿತು ಎಂದು ಮೇಡಂ ಅವರಿಬ್ಬರ ಎದುರು ಕೈಮುಗಿದರು. ಆತ ಹಾಳೆಯನ್ನು ಓದಿ ಮಡಿಸಿ ಸೀಮೆಎಣ್ಣೆ ಒಲೆಯ ಉರಿಗೆ ಹಿಡಿದರು. “ಒಂದ ಮಾತು ಕೇಳಬಹುದಿತ್ತಲ್ಲಾ ಅಂದ್ರು. ಅಷ್ಟ” ಎಂದು ಮೇಡಂ ಡಬ್ಬಿ ಮುಚ್ಚಿದರು. ಅಂದು ಅವರು ರೊಟ್ಟಿ ಮುಟ್ಟಲಿಲ್ಲ.

ಅಂದಿನಿಂದ ಅವರು ಯಾರ ಹಾಳೆಗೂ ಸಹಿ ಹಾಕಲಿಲ್ಲ. ಸಂಶೋಧಕರು ಬಂದರೆ, “ನಿಮ್ಮ ಗೈಡ್‌ನ ಕೇಳಿ” ಎಂದು ಕಳಿಸುತ್ತಿದ್ದರು. ಕಪಾಟಿನ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟರು. ಪರದೆಯ ಮೇಲೆ ಬೆರಳೋಡಿಸುತ್ತಿದ್ದ ಹೆಂಗಸು ದಿನವಿಡೀ ಹೊಸ ಪುಸ್ತಕಗಳಿಗೆ ಸಂಖ್ಯೆ ಅಂಟಿಸುತ್ತ ಕೂತಿರುತ್ತಿದ್ದರು. ನನ್ನ ಜೊತೆ ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ನನ್ನ ಸುಳ್ಳನ್ನು ಇವರು ಹೊತ್ತುಕೊಂಡಿದ್ದಾರೆ, ನನ್ನ ಹೆಸರನ್ನು ಎಲ್ಲೂ ಎತ್ತದೆ ಕಾಪಾಡಿದ್ದಾರೆ ಎಂದುಕೊಂಡು ಒಂದೂವರೆ ವರ್ಷ ಅವರ ಎದುರು ಕೂತು ಉಂಡೆ. ಅವರು ದೊಡ್ಡವರು ಎಂದು ಒಳಗೊಳಗೇ ಕೈಮುಗಿಯುವುದು ಎಷ್ಟು ಸುಲಭ! ಬಾಯಿಬಿಟ್ಟು ಹೇಳುವ ಕೆಲಸ ತಪ್ಪುತ್ತದೆ.

ಅವರ ಪತಿಗೆ ಬೆಂಗಳೂರಿಗೆ ವರ್ಗವಾಯಿತು. ಮೇಡಂ ಸ್ವಯಂನಿವೃತ್ತಿ ತೆಗೆದುಕೊಂಡರು. ಸಾಮಾನು ಕಟ್ಟುವ ದಿನ ಕ್ವಾರ್ಟರ್ಸಿಗೆ ಹೋಗಿದ್ದೆ. ಹಳೆಯ ಪೇಪರಿನಲ್ಲಿ ಸ್ಟೀಲಿನ ಪಾತ್ರೆಗಳನ್ನು ಸುತ್ತಿಡುತ್ತಿದ್ದೆವು. ಮೂರು ಗಂಟೆಗೆ ಲಾರಿ ಬರುತ್ತದೆ ಎಂದು ಅವರು ಹೇಳಿದಾಗ ನನಗೆ ತಡೆಯಲಾಗಲಿಲ್ಲ.

“ಮೇಡಂ, ನಾನು ಅವತ್ತು ಅವರನ್ನು ಕೇಳಿರಲಿಲ್ಲ. ಸುಳ್ಳು ಹೇಳಿದೆ.”

ಅವರು ಕೈಯಲ್ಲಿದ್ದ ಪಾತ್ರೆಯನ್ನು ಪೂರ್ತಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು.

“ಗೊತ್ತಿತ್ತು ತಂಗಿ.”

“ಅವರ ಮೇಲ್ ಬಂದ ಮೇಲಾ?”

“ಅಲ್ಲ. ಸಹಿ ಮಾಡೂ ಮುಂದನ ಗೊತ್ತಿತ್ತು. ಎಲ್ಲಾರ ಕಡೆನೂ ಪ್ರಿಂಟ್ ಕೇಳ್ತೇನಿ, ನಿನ್ನ ಕಡೆ ಕೇಳಲಿಲ್ಲ. ಕೇಳಿದ್ರ ನೀ ಸಿಕ್ಕೊಂಬೀಳ್ತಿದ್ದಿ. ಇದ್ದಾಕಿ ಒಬ್ಬಾಕಿ ನಮ್ಮ ಮಾತಾಡೂ ಹುಡುಗಿ, ಇಕಿನೂ ಮುನಿಸ್ಕೊಂಡು ಹೋದ್ರ ಯಾರ ಜೋಡಿ ಉಣ್ಣಲಿ ಅಂತ ಸುಮ್ಮನ ಸಹಿ ಮಾಡಿದೆ.”

ನಾನು ಅಳತೊಡಗಿದೆ. ನನಗಾಗಿ ನೀವು ಕಲೂರಿಗೆ ಹೋಗಿ ಕೈಮುಗಿದಿರಲ್ಲ ಎಂದೇನೋ ಬಡಬಡಿಸಿದೆ. ಅವರು ಮೊದಲ ಬಾರಿಗೆ ನನ್ನ ಮೇಲೆ ಸಿಟ್ಟಾದರು.

“ನಿನ್ನ ಸಲುವಾಗಿ ಯಾಕ ಹೋಗ್ಲಿ? ನನ್ನ ತಪ್ಪಿಗೆ ನಾ ಹೋಗಿದ್ದೆ. ನನ್ನದು ನಾ ಹೇಳಿ ಬಂದೆ. ನಿಂದು ಹಂಗ ಉಳದದ.”

ಲಾರಿ ಬಂತು. ಹೊರಡುವ ಮುಂಚೆ ಕಲೂರಿನ ಆ ಮನೆ ಎಲ್ಲಿ, ಸ್ಟೇಡಿಯಂ ದಾಟಿ ಎಷ್ಟನೆಯ ತಿರುವು ಎಂದು ವಿವರವಾಗಿ ಹೇಳಿದರು. ಬೆನ್ನು ಸವರಿದರು.

ಮುಂದಿನ ತಿಂಗಳು ಹೋದೆ. ಕಲೂರ್ ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡೇ ಹೋದೆ, ಹೇಳಬೇಕಾದ್ದನ್ನು ಮಲಯಾಳದಲ್ಲಿ ಬಾಯಿಪಾಠ ಮಾಡುತ್ತ. ಗೇಟು ತೆರೆದೆ. ಅವರೇ ಹೊರಗೆ ಬಂದರು. ಬನಿಯನ್, ಮುಂಡು, ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು. ಯಾರು ಬೇಕಿತ್ತು ಎಂದು ಕೇಳಿದರು. ಬಾಯಿಪಾಠವೆಲ್ಲ ಮರೆತುಹೋಯಿತು ಎಂದರೆ ಅದೂ ಸುಳ್ಳಾಗುತ್ತದೆ. ಒಂದೊಂದು ಪದವೂ ನೆನಪಿತ್ತು.

“ಮನೆ ತಪ್ಪಿತು ಅನ್ನಿಸುತ್ತದೆ” ಎಂದೆ.

“ಯಾರ ಮನೆ ಹುಡುಕುತ್ತಿದ್ದೀರಿ ಮೋಳೆ?” ಎಂದರು, ಮಗಳನ್ನು ಕರೆಯುವಂತೆ. ಬಾಯಿಗೆ ಬಂದ ಒಂದು ಹೆಸರು ಹೇಳಿದೆ. ಹಾಗೆ ಯಾರೂ ಇಲ್ಲವಲ್ಲ ಎಂದು ಯೋಚಿಸಿ, ಅಂಗಿ ಹಾಕಿಕೊಂಡು ಬಂದರು. ಆ ಉರಿಬಿಸಿಲಿನಲ್ಲಿ ನನ್ನನ್ನು ಕರೆದುಕೊಂಡು ಮೂರು ಮನೆಗಳಲ್ಲಿ ವಿಚಾರಿಸಿದರು. ಅಂಗಡಿಯವನನ್ನು ಕೇಳಿದರು. ಎಲ್ಲೂ ಇಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನವರೆಗೂ ಬಂದು, ಅಷ್ಟು ದೂರದಿಂದ ಬಂದು ಸಿಗಲಿಲ್ಲವಲ್ಲ, ಮುಂದಿನ ಸಲ ವಿಳಾಸ ಸರಿಯಾಗಿ ಬರೆದುಕೊಂಡು ಬನ್ನಿ ಎಂದು ಬಸ್ಸು ಹತ್ತಿಸಿದರು.

ಒಂದು ವಾರದ ಮೇಲೆ ಮೇಡಂ ಬೆಂಗಳೂರಿನಿಂದ ಫೋನ್ ಮಾಡಿದರು. ಹೊಸ ಮನೆಯ ನೀರಿನ ಸಮಸ್ಯೆ, ಮಗನ ಕಾಲೇಜು ಎಲ್ಲ ಹೇಳಿ, ಕಲೂರಿಗೆ ಹೋಗಿದ್ದಿಯೇನು ಎಂದರು.

“ಹೋಗಿದ್ದೆ ಮೇಡಂ. ಹೇಳಿ ಬಂದೆ.”

ಆತ ಏನು ಅಂದರು, ಮನೆಯಲ್ಲಿ ಯಾರಿದ್ದರು, ಬೇರೆ ಕೆಲಸ ಸಿಕ್ಕಿದೆಯಂತಾ, ಯಾವುದನ್ನೂ ಮೇಡಂ ಕೇಳಲಿಲ್ಲ.

“ಊಟ ಆತೇನು?” ಎಂದು ಕೇಳಿದರು.